ನಿಘಂಟುಕಾರ ಸರ್ ಜೇಮ್ಸ್ ಮರ್ರೆ

ಇಂಗ್ಲಿಷ್ ಪಾಠದಲ್ಲಿ ಕಠಿಣ ಶಬ್ದವೊಂದು ಎದುರಾದಾಗ ನಾವು ನಿಘಂಟನ್ನು ತೆರೆಯುತ್ತೇವೆ. ಅರ್ಥವನ್ನು ನೋಡಿ, ವಹಿಯಲ್ಲಿ ಬರೆದುಕೊಂಡು, ಪುಸ್ತಕವನ್ನು ಮುಚ್ಚಿಬಿಡುತ್ತೇವೆ. ಆ ಅರ್ಥವನ್ನು ಅಲ್ಲಿ ಬರೆದಿಟ್ಟವರು ಯಾರು, ಅವರಿಗಾದರೂ ಅದು ಹೇಗೆ ತಿಳಿಯಿತು ಎಂಬ ಪ್ರಶ್ನೆ ನಮ್ಮಲ್ಲಿ ಹುಟ್ಟುವುದು ವಿರಳ. ನಿಘಂಟು ಎಂಬುದು ಯಾರೂ ಬರೆಯದೆ ತಾನಾಗಿಯೇ ಉಂಟಾದ ಗ್ರಂಥವೆಂದು ಅನೇಕ ವಿದ್ಯಾರ್ಥಿಗಳು ಭಾವಿಸಿರುವಂತೆ ತೋರುತ್ತದೆ. ಆದರೆ ಜಗತ್ತಿನ ಇಂಗ್ಲಿಷ್ ನಿಘಂಟುಗಳಿಗೆಲ್ಲ ಹಿರಿಯಣ್ಣನಂತಿರುವ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸುಮಾರು ಅರ್ಧ ಭಾಗವನ್ನು ಸಂಪಾದಿಸಿದವನು ಒಬ್ಬ ಸಿಂಪಿಗನ ಮಗ. ಅವನು ಶಾಲೆಯನ್ನು ಬಿಟ್ಟದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಮನೆಯಲ್ಲಿ ಅವನು ಆಡುತ್ತಿದ್ದ ನುಡಿ ಪುಸ್ತಕದ ಇಂಗ್ಲಿಷ್ ಆಗಿರಲಿಲ್ಲ. ಮುಂಬಯಿಯಂಥ ಮಹಾನಗರದಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ಸಂತೆಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ನಾಲ್ಕು ನುಡಿಗಳ ನಡುವೆ ಬೆಳೆಯುತ್ತಿರುವ ನಮ್ಮ ಬಾಲಕ ಬಾಲಿಕೆಯರಿಗೆ ಆತನ ಚರಿತ್ರೆಯು ಪರಕೀಯವಾಗಿ ತೋರಲಾರದು.

ಸ್ಕಾಟ್ಲೆಂಡಿನ ದಕ್ಷಿಣದ ಗಡಿಯ ಸೀಮೆಯಲ್ಲಿ ಹಾವಿಕ್ ಎಂಬ ಪಟ್ಟಣವಿದೆ. ಅದರ ಸಮೀಪದಲ್ಲಿ ಡೆನ್ಹಮ್ ಎಂಬ ಹಳ್ಳಿ. ಈ ಹಳ್ಳಿಯಲ್ಲಿ ೧೮೩೭ನೆಯ ಇಸವಿ ಫೆಬ್ರುವರಿ ೭ನೆಯ ತಾರೀಖು ಜೇಮ್ಸ್ ಮರ್ರೆಯು ಹುಟ್ಟಿದನು. ತಂದೆ ಥಾಮಸ್ ಮರ್ರೆ ಬಟ್ಟೆ ಹೊಲಿದು ಸಂಸಾರವನ್ನು ಸಾಗಿಸುತ್ತಿದ್ದನು. ಆ ಸೀಮೆಯ ಜನರ ಮಾತು ಸ್ಕಾಟ್ಸ್. ಲಂಡನ್ನಿನ ಜನ ಅದನ್ನು ಹಳ್ಳಿಗರ ಒರಟು ಮಾತೆಂದು ಎಣಿಸುತ್ತಿದ್ದರು. ಬಾಲಕ ಜೇಮ್ಸನಿಗೆ ಮಾತ್ರ ಅಕ್ಷರವೆಂದರೆ ಆಟಿಕೆ, ಶಬ್ದವೆಂದರೆ ತಿನಿಸು. ಯಾವ ಭಾಷೆಯ ಪುಸ್ತಕ ಕೈಗೆ ಸಿಕ್ಕರೂ ಬಿಡುತ್ತಿರಲಿಲ್ಲ. ಹಸುಗಳನ್ನು ಲ್ಯಾಟಿನ್ ಹೆಸರಿನಿಂದ ಕೂಗಿ ಅವು ಬರುವಂತೆ ಕಲಿಸಲು ಯತ್ನಿಸಿದನೆಂದು ಒಂದು ಕತೆಯುಂಟು. ಹಸುಗಳು ಎಷ್ಟು ಕಲಿತವೋ ತಿಳಿಯದು!

ಅವನ ಕುತೂಹಲಕ್ಕೆ ಪುಸ್ತಕವೊಂದೇ ಎಲ್ಲೆಯಾಗಿರಲಿಲ್ಲ. ಕಲ್ಲು, ಗಿಡಮೂಲಿಕೆ, ಹಳೆಯ ಗೋರಿ, ನಕ್ಷತ್ರ, ಎಲ್ಲವೂ ಬೇಕು. ನೀರಿನಲ್ಲಿ ಬೆಳೆಯುವ ಗಿಡಗಳ ದಂಟುಗಳನ್ನು ಕಟ್ಟಾಗಿ ಕಟ್ಟಿ, ತೋಳುಗಳಿಗೆ ಬಿಗಿದುಕೊಂಡು, ಈಜು ಬಾರದಿದ್ದರೂ ಹೊಂಡಕ್ಕಿಳಿದನಂತೆ. ಕಟ್ಟುಗಳು ತೇಲಿದವು ನಿಜ; ಆದರೆ ಬಾಲಕನು ತಲೆಕೆಳಗಾದನು. ಕೊರಳಿಗೆ ಕಟ್ಟಿದ್ದ ಉದ್ದನೆಯ ಪಟ್ಟಿಯನ್ನು ಹಿಡಿದೆಳೆದು ಗೆಳೆಯರು ಅವನನ್ನು ದಡಕ್ಕೆ ತಂದರು. ನಮ್ಮ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮಾತ್ರ ಅನುಕರಿಸಬಾರದೆಂದು ಕೋರುತ್ತೇನೆ.

ಹದಿನಾಲ್ಕು ತುಂಬಿದಾಗ ಶಾಲೆ ಮುಗಿಯಿತು. ಮುಂದೆ ಓದಿಸಲು ಮನೆಯಲ್ಲಿ ಹಣವಿರಲಿಲ್ಲ. ಆದರೂ ಓದು ನಿಲ್ಲಲಿಲ್ಲ. ಹದಿನೇಳನೆಯ ವಯಸ್ಸಿಗೆ ಹಾವಿಕ್ಕಿನ ಶಾಲೆಯಲ್ಲಿ ಉಪಾಧ್ಯಾಯನಾದನು. ಇಪ್ಪತ್ತಕ್ಕೆ ಆ ಊರಿನ ಇನ್ನೊಂದು ಶಾಲೆಗೆ ಮುಖ್ಯೋಪಾಧ್ಯಾಯನಾದನು. ಹಂಗೆರಿಯ ದೇಶಭಕ್ತ ಕೊಶೂತ್ ಹಾವಿಕ್ಕಿಗೆ ಬಂದಾಗ ಸ್ವಾಗತದ ಬಾವುಟದ ಮೇಲೆ ಹಂಗೆರಿಯನ್ ನುಡಿಯಲ್ಲಿಯೇ ಒಂದು ವಾಕ್ಯವನ್ನು ಬರೆದು ತೋರಿಸಿದವನು ಈ ತರುಣ ಉಪಾಧ್ಯಾಯನೇ. ಪರದೇಶದಲ್ಲಿ ಅಲೆಯುತ್ತಿದ್ದ ಆ ಅತಿಥಿಗೆ ತನ್ನ ತಾಯ್ನುಡಿಯ ಅಕ್ಷರಗಳನ್ನು ಕಂಡು ಏನನಿಸಿರಬೇಕೆಂಬುದನ್ನು, ಊರು ಬಿಟ್ಟು ಬಂದ ನಾವು ಊಹಿಸಬಲ್ಲೆವು. ಈ ಕಾಲದಲ್ಲಿಯೇ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂಬ ಹುಡುಗನ ಪರಿಚಯವಾಯಿತು. ವಿದ್ಯುತ್ತಿನ ವಿಷಯವನ್ನು ಆತನಿಗೆ ಮೊದಲು ತಿಳಿಸಿಕೊಟ್ಟವರಲ್ಲಿ ಮರ್ರೆಯೂ ಒಬ್ಬನು. ಆ ಹುಡುಗನೇ ಮುಂದೆ ಟೆಲಿಫೋನಿನ ಜನಕನಾದನು.

೧೮೬೨ರಲ್ಲಿ ಮರ್ರೆಯು ಮ್ಯಾಗಿ ಸ್ಕಾಟ್ ಎಂಬ ಸಂಗೀತೋಪಾಧ್ಯಾಯಿನಿಯನ್ನು ಮದುವೆಯಾದನು. ಸುಖವು ಬಹುಕಾಲ ನಿಲ್ಲಲಿಲ್ಲ. ಹುಟ್ಟಿದ ಹೆಣ್ಣುಮಗು ಹಸುಳೆಯಾಗಿರುವಾಗಲೇ ತೀರಿಕೊಂಡಿತು. ಹೆಂಡತಿಗೆ ಕ್ಷಯ ತಗುಲಿತು. ಸ್ಕಾಟ್ಲೆಂಡಿನ ಚಳಿ ಆಕೆಗೆ ಆಗದೆಂದು ವೈದ್ಯರು ಹೇಳಿದಾಗ ಮರ್ರೆಯು ಮುಖ್ಯೋಪಾಧ್ಯಾಯನ ಪದವಿಯನ್ನು ಬಿಟ್ಟು ಲಂಡನ್ನಿಗೆ ಬಂದು, ಭಾರತ, ಆಸ್ಟ್ರೇಲಿಯ ಮತ್ತು ಚೀನಾದೇಶಗಳ ಚಾರ್ಟರ್ಡ್ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದನು. ಅಷ್ಟು ಮಾಡಿದರೂ ಆಕೆ ೧೮೬೫ರಲ್ಲಿ ಗತಿಸಿದಳು. ಎರಡು ವರ್ಷಗಳ ತರುವಾಯ ಆತನು ಏಡಾ ರುತ್‌ವೆನ್ ಎಂಬಾಕೆಯ ಕೈಹಿಡಿದನು. ಅವರಿಗೆ ಹನ್ನೊಂದು ಮಕ್ಕಳಾದರು.

ಬ್ಯಾಂಕಿನ ಗುಮಾಸ್ತಗಿರಿಯ ಈ ವರ್ಷಗಳನ್ನು ಕುರಿತು ಒಂದು ಸಂಗತಿಯನ್ನು ನಮ್ಮ ನಗರದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು. ದಿನವೂ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಹೋಗಿ ಬರುವ ರೈಲಿನಲ್ಲಿ ಕುಳಿತು ಆತನು ನಮ್ಮ ಹಿಂದುಸ್ತಾನಿಯನ್ನೂ ಪ್ರಾಚೀನ ಪಾರಸಿ ನುಡಿಯನ್ನೂ ಅಭ್ಯಾಸ ಮಾಡಿದನು. ನಮ್ಮ ಲೋಕಲ್ ಗಾಡಿಯಲ್ಲಿ ಕುಳಿತುಕೊಳ್ಳಲು ಸ್ಥಳ ಸಿಕ್ಕುವುದೇ ಪುಣ್ಯ ಎಂದು ನೀವು ಹೇಳುವಿರಿ; ಒಪ್ಪಿದೆ. ಕುಳಿತು ಓದಲು ಆಗದಿದ್ದರೆ ನಿಂತು ಕೇಳಬಹುದಲ್ಲ? ಮರ್ರೆಯು ಅದನ್ನೂ ಮಾಡಿದವನೇ. ಲಂಡನ್ನಿನ ಪೋಲೀಸರನ್ನು ಮಾತನಾಡಿಸಿ, ಅವರ ಉಚ್ಚಾರದಿಂದಲೇ ಅವರು ಸ್ಕಾಟ್ಲೆಂಡಿನ ಯಾವ ಸೀಮೆಯವರೆಂದು ಕಂಡುಹಿಡಿಯುವುದು ಅವನ ವಿನೋದವಾಗಿತ್ತು. ನಮ್ಮಲ್ಲಿಯೂ ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಕಲಬುರ್ಗಿಯ ಕನ್ನಡ ಒಂದೇ ಡಬ್ಬಿಯಲ್ಲಿ ಕೂಡಿ ಪ್ರಯಾಣ ಮಾಡುತ್ತವೆ. ಕಿವಿಗೊಟ್ಟವರಿಗೆ ಅದೇ ಒಂದು ಪಾಠಶಾಲೆ.

೧೮೬೬ರಲ್ಲಿ ಬ್ರಿಟಿಷ್ ಮ್ಯೂಸಿಯಂ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ ಒಂದು ಹುದ್ದೆಗೆ ಅರ್ಜಿ ಹಾಕಿದನು. ತನಗೆ ಬರುವ ಭಾಷೆಗಳನ್ನು ಆ ಪತ್ರದಲ್ಲಿ ಬರೆದನು: ಲ್ಯಾಟಿನ್, ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಕೆಟಲಾನ್, ಡಚ್, ಜರ್ಮನ್, ಡೇನಿಷ್, ಹಳೆಯ ಇಂಗ್ಲಿಷ್, ಗಾಥಿಕ್, ಹೀಬ್ರೂ, ಸಿರಿಯಾಕ್, ಅಷ್ಟಿಷ್ಟು ರಷ್ಯನ್, ಅರೇಬಿಕ್, ಕಾಪ್ಟಿಕ್. ಪಟ್ಟಿ ಇನ್ನೂ ಉದ್ದವಿದೆ. ಹುದ್ದೆ ಸಿಕ್ಕಲಿಲ್ಲ! ಅವನು ಯಾವ ವಿಶ್ವವಿದ್ಯಾಲಯದ ಪದವೀಧರನೂ ಆಗಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಆತನು ಪಡೆದದ್ದು ೧೮೭೩ರಲ್ಲಿ, ಅಂದರೆ ಮೂವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ಬ್ಯಾಂಕನ್ನು ಬಿಟ್ಟು, ಲಂಡನ್ನಿನ ಹೊರವಲಯದ ಮಿಲ್ ಹಿಲ್ ಶಾಲೆಯಲ್ಲಿ ಮರಳಿ ಉಪಾಧ್ಯಾಯನಾಗಿದ್ದನು.

ಅದೇ ೧೮೭೩ರಲ್ಲಿ ಆತನ ಮೊದಲ ದೊಡ್ಡ ಗ್ರಂಥವು ಪ್ರಕಟವಾಯಿತು. ಇಷ್ಟೊಂದು ಭಾಷೆಗಳನ್ನು ಬಲ್ಲವನು ಯಾವುದನ್ನು ಕುರಿತು ಬರೆದನೆಂದು ತಿಳಿದಿರಿ? ದಕ್ಷಿಣ ಸ್ಕಾಟ್ಲೆಂಡಿನ ಆಡುಮಾತನ್ನು ಕುರಿತು. ಲಂಡನ್ನಿನವರು ಒರಟೆಂದು ಹಳಿದ ತನ್ನ ಮನೆಯ ಮಾತನ್ನು ಕುರಿತು! ಅದರ ಉಚ್ಚಾರ, ವ್ಯಾಕರಣ, ಇತಿಹಾಸಗಳನ್ನು ಶಾಸ್ತ್ರೀಯವಾಗಿ ನಿರೂಪಿಸಿದ ಆ ಗ್ರಂಥದಿಂದಲೇ ವಿದ್ವಾಂಸರ ಮಂಡಲದಲ್ಲಿ ಅವನ ಹೆಸರು ನೆಲೆಗೊಂಡಿತು. ಎಡಿನ್‌ಬರೋ ವಿಶ್ವವಿದ್ಯಾಲಯವು ಮರುವರ್ಷವೇ ಗೌರವ ಡಾಕ್ಟರ್ ಪದವಿಯನ್ನು ನೀಡಿತು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ಪ್ರೌಢ ಶಬ್ದಸಂಪತ್ತು ದಕ್ಕದೆಂದು ಹೇಳುವ ಹಿರಿಯರು ನಮ್ಮ ಚಾಳಿನಲ್ಲಿ, ಕಚೇರಿಯಲ್ಲಿ, ಬಂಧುಗಳಲ್ಲಿ ಎಲ್ಲೆಲ್ಲಿಯೂ ಇದ್ದಾರೆ. ನಾನು ಸ್ವತಃ ಮೆಟ್ರಿಕ್ಕಿನವರೆಗೆ ಕನ್ನಡದಲ್ಲಿಯೇ ಓದಿದವನು. ಈ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಅವರೊಡನೆ ವಾದ ಮಾಡುವುದರಿಂದ ಫಲವಿಲ್ಲ. ಇಂಗ್ಲಿಷಿನ ಪರಮ ನಿಘಂಟುಕಾರನು ಆ ಭಾಷೆಯ ಅಂತರಂಗವನ್ನು ಪ್ರವೇಶಿಸಿದ್ದು ತನ್ನ ಮನೆಮಾತಿನ ಬಾಗಿಲಿನಿಂದ ಎಂಬುದನ್ನಷ್ಟು ತಿಳಿಸಿದರೆ ಸಾಕು.

ಇನ್ನು ನಿಘಂಟಿನ ಕತೆ. ಲಂಡನ್ನಿನ ಭಾಷಾಶಾಸ್ತ್ರ ಸಂಘದವರು ೧೮೫೭ರಲ್ಲಿ ಒಂದು ಯೋಜನೆಯನ್ನು ಆಲೋಚಿಸಿದರು. ಇಂಗ್ಲಿಷಿನ ಪ್ರತಿಯೊಂದು ಶಬ್ದವೂ ಮೊದಲು ಯಾವಾಗ ಬರವಣಿಗೆಯಲ್ಲಿ ಕಾಣಿಸಿಕೊಂಡಿತು, ಆಗ ಅದರ ಅರ್ಥವೇನಿತ್ತು, ಶತಮಾನದಿಂದ ಶತಮಾನಕ್ಕೆ ಅದು ಹೇಗೆ ಮಾರ್ಪಟ್ಟಿತು ಎಂಬುದನ್ನು ಗ್ರಂಥಗಳ ವಾಕ್ಯಗಳನ್ನೇ ಸಾಕ್ಷಿಯಾಗಿಟ್ಟು ತೋರಿಸಬೇಕು. ಮೊದಲ ಸಂಪಾದಕನಾದ ಹರ್ಬರ್ಟ್ ಕೋಲ್‌ರಿಜ್ ೧೮೬೧ರಲ್ಲಿ ಮೂವತ್ತರ ಹರೆಯದಲ್ಲೇ ಮೃತನಾದನು. ಆಮೇಲೆ ಬಂದ ಫರ್ನಿವಾಲ್ ಮಹಾ ಉತ್ಸಾಹಿ; ಆದರೆ ವ್ಯವಸ್ಥೆ ಅವನ ಜಾಯಮಾನವಲ್ಲ. ಕೆಲಸ ಮೂಲೆ ಸೇರಿತು. ಕೊನೆಗೆ ೧೮೭೯ರ ಮಾರ್ಚ್ ೧ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದೊಡನೆ ಒಪ್ಪಂದವಾಗಿ, ಮರ್ರೆಯು ಸಂಪಾದಕನಾದನು. ಹತ್ತು ವರ್ಷಗಳಲ್ಲಿ ಏಳು ಸಾವಿರ ಪುಟಗಳ ಗ್ರಂಥವನ್ನು ಮುಗಿಸುವುದೆಂದು ಕರಾರು.

ಹಿಂದಿನವರು ಕೂಡಿಸಿಟ್ಟ ಸಾಮಗ್ರಿ ಗಾಡಿಯ ಮೇಲೆ ಬಂದಿತು: ಸುಮಾರು ಎರಡು ಟನ್ ತೂಕದ ಚೀಟಿಗಳು! ಒಂದು ಚೀಲದಲ್ಲಿ ಸತ್ತ ಹೆಗ್ಗಣ, ಇನ್ನೊಂದರಲ್ಲಿ ಮರಿಗಳೊಡನೆ ಸಂಸಾರ ಹೂಡಿದ್ದ ಇಲಿ. ಎಚ್ ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸ್ ನಗರವನ್ನು ಸೇರಿದ್ದವು. ಪಿ ಅಕ್ಷರದ ಆರಂಭದ ಚೀಟಿಗಳು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿ ಸಿಕ್ಕಿದವು. ಅವುಗಳಲ್ಲಿ ಬಹುಪಾಲು ಒಲೆ ಹೊತ್ತಿಸಲು ವಿನಿಯೋಗವಾಗಿದ್ದವು. ಇವನ್ನೆಲ್ಲ ಇಡಲು ಮರ್ರೆಯು ಶಾಲೆಯ ಆವರಣದಲ್ಲಿ ತಗಡಿನ ಒಂದು ಕೊಠಡಿಯನ್ನು ಕಟ್ಟಿಸಿ ಅದಕ್ಕೆ ಸ್ಕ್ರಿಪ್ಟೋರಿಯಂ, ಎಂದರೆ ಲೇಖನಶಾಲೆ, ಎಂದು ಹೆಸರಿಟ್ಟನು. ಗೋಡೆಯುದ್ದಕ್ಕೂ ಸಾವಿರಕ್ಕೆ ಮೀರಿದ ಗೂಡುಗಳು. ಹಗಲು ಶಾಲೆಯಲ್ಲಿ ಪಾಠ, ಉಳಿದ ಹೊತ್ತು ಶಬ್ದಗಳ ಸೇವೆ. ೧೮೮೫ರಲ್ಲಿ ಆಕ್ಸ್‌ಫರ್ಡಿಗೆ ನೆಲೆ ಬದಲಿಸುವವರೆಗೂ ಹೀಗೆಯೇ ನಡೆಯಿತು.

ಈ ಕಾರ್ಯದ ವಿಧಾನವನ್ನು ತುಸು ವಿವರವಾಗಿ ಹೇಳಬೇಕು. ಶಬ್ದಾರ್ಥವನ್ನು ಕಲಿಯುವವರಿಗೆ ಇದಕ್ಕಿಂತ ಉಪಯುಕ್ತವಾದುದನ್ನು ನಾನರಿಯೆ. ಮರ್ರೆಯು ಇಂಗ್ಲಿಷ್ ಓದುವ ಲೋಕಕ್ಕೆಲ್ಲ ಒಂದು ಮನವಿಯನ್ನು ಅಚ್ಚು ಹಾಕಿಸಿ ಹಂಚಿದನು. ಪುಸ್ತಕಗಳನ್ನು ಓದಿರಿ; ಗಮನಾರ್ಹವಾದ ಶಬ್ದ ಕಂಡರೆ ಚೀಟಿಯಲ್ಲಿ ಬರೆದು ಕಳುಹಿಸಿರಿ ಎಂಬುದು ಅದರ ಸಾರಾಂಶ. ಚೀಟಿಯ ಮೇಲ್ಗಡೆ ಎಡಮೂಲೆಯಲ್ಲಿ ಶಬ್ದ. ಅದರ ಕೆಳಗೆ ಪುಸ್ತಕದ ವರ್ಷ, ಗ್ರಂಥಕರ್ತನ ಹೆಸರು, ಪುಸ್ತಕದ ಹೆಸರು, ಪುಟ. ಆಮೇಲೆ ಆ ಶಬ್ದವಿರುವ ಪೂರ್ಣ ವಾಕ್ಯ. ಅರ್ಥವನ್ನು ಬರೆಯಬೇಕಾದ ಅವಶ್ಯಕತೆಯೇ ಇರಲಿಲ್ಲ! ಬಂದ ಚೀಟಿಗಳನ್ನು ಮೊದಲು ಅಕ್ಷರಾನುಕ್ರಮವಾಗಿ, ಬಳಿಕ ಕಾಲಾನುಕ್ರಮವಾಗಿ ಜೋಡಿಸುತ್ತಿದ್ದರು. ಒಂದು ಶಬ್ದದ ಚೀಟಿಗಳನ್ನೆಲ್ಲ ಮರ್ರೆಯು ಮೇಜಿನ ಮೇಲೆ ಹರಡಿ, ಒಂದೊಂದು ವಾಕ್ಯದಲ್ಲಿ ಆ ಶಬ್ದವು ಯಾವ ಕೆಲಸವನ್ನು ಮಾಡುತ್ತಿದೆಯೆಂದು ಪರೀಕ್ಷಿಸಿ, ಸಮಾನವಾದವನ್ನು ಒಂದು ಗುಂಪಿಗೆ ಸೇರಿಸಿ, ಗುಂಪು ಗುಂಪಿಗೂ ಒಂದೊಂದು ಅರ್ಥವನ್ನು ಬರೆಯುತ್ತಿದ್ದನು. ಎಂದರೆ ವಾಕ್ಯ ಮೊದಲು, ಅರ್ಥ ಆಮೇಲೆ. ನಾವು ಶಾಲೆಯಲ್ಲಿ ಮಾಡುವುದು ತದ್ವಿರುದ್ಧ. ಕಠಿಣ ಪದಗಳು ಎಂಬ ತಲೆಬರಹ ಕೊಟ್ಟು, ಎಡಗಡೆ ಶಬ್ದ, ಬಲಗಡೆ ಅರ್ಥ ಬರೆದು ಉರುಹೊಡೆಯುತ್ತೇವೆ; ಆ ಶಬ್ದವನ್ನು ಒಂದು ವಾಕ್ಯದಲ್ಲಿ ಕಂಡದ್ದೂ ಇಲ್ಲ, ಬಳಸಿದ್ದೂ ಇಲ್ಲ. ಪರೀಕ್ಷೆ ಮುಗಿದ ಮರುದಿನ ಎಡಗಡೆಯದೂ ಬಲಗಡೆಯದೂ ಕೂಡಿಯೇ ಮಾಯವಾಗುತ್ತವೆ. ಉಪಾಧ್ಯಾಯರಾದ ನಾವೇ ಈ ಪದ್ಧತಿಯನ್ನು ಬೆಳೆಸಿದ್ದೇವೆಂಬುದು ಬೇರೆ ಮಾತು.

ಮರ್ರೆಗೆ ಒಂದು ವಿಚಿತ್ರವಾದ ತೊಂದರೆ ಎದುರಾಯಿತು. ಓದುಗರೆಲ್ಲರೂ ಅಪೂರ್ವ ಶಬ್ದಗಳನ್ನೇ ಹುಡುಕಿ ಕಳುಹಿಸಿದರು. ಸಾಮಾನ್ಯ ಶಬ್ದಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಬ್ಯೂಷನ್ ಎಂಬ, ಬಳಕೆ ತಪ್ಪಿಹೋದ ಶಬ್ದಕ್ಕೆ ಐವತ್ತರಷ್ಟು ಚೀಟಿಗಳಿದ್ದವು. ದಿನವೂ ಕಿವಿಗೆ ಬೀಳುವ ಅಬ್ಯೂಸ್ ಎಂಬುದಕ್ಕೆ ಐದೂ ಇರಲಿಲ್ಲ. ಸಾಮಾನ್ಯ ಶಬ್ದಗಳನ್ನು ಹುಡುಕಲು ಪುನಃ ಪುಸ್ತಕಗಳನ್ನು ಜಾಲಾಡಬೇಕಾಯಿತು. ನಿಘಂಟು ಮುಗಿದಾಗ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿದ ಶಬ್ದ ಯಾವುದು ಗೊತ್ತೆ? ಹತ್ತಾರು ಅಕ್ಷರಗಳ ಭೀಕರ ಶಬ್ದವಲ್ಲ. ಮೂರೇ ಅಕ್ಷರಗಳ ಸೆಟ್! ಸೂರ್ಯ ಮುಳುಗುವುದೂ ಸೆಟ್, ಮೇಜಿನ ಮೇಲೆ ಪಾತ್ರೆ ಇಡುವುದೂ ಸೆಟ್, ಮುರಿದ ಮೂಳೆ ಕೂಡಿಸುವುದೂ ಸೆಟ್, ಮೊಸರು ಹೆಪ್ಪಾಗುವುದೂ ಸೆಟ್. ಪ್ರೌಢ ಶಬ್ದಗಳ ಬೇಟೆಗೆ ಹೊರಡುವವರು ಈ ಚಿಕ್ಕದನ್ನು ಒಮ್ಮೆ ಹಿಡಿದು ನೋಡಲಿ.

ದೀರ್ಘ ಶಬ್ದಗಳಿಗೆ ಅಂಜಬೇಕಾದ ಕಾರಣವೂ ಅಷ್ಟಾಗಿ ಇಲ್ಲ. ನಿಘಂಟಿನಲ್ಲಿ ಪ್ರತಿ ಶಬ್ದದ ಮೂಲವನ್ನೂ ಬಿಡಿಸಿ ತೋರಿಸಿದೆ. ಸಂಧಿ, ಸಮಾಸ, ಉಪಸರ್ಗ, ಧಾತುಗಳನ್ನು ಕನ್ನಡ ವ್ಯಾಕರಣದಲ್ಲಿ ಅರಗಿಸಿಕೊಂಡವನಿಗೆ ಈ ಬಿಡಿಸುವ ವಿದ್ಯೆ ಹೊಸದಲ್ಲ. ಲ್ಯಾಟಿನ್ನಿನಲ್ಲಿ ಪೋರ್ಟ್ ಎಂಬ ಧಾತುವಿಗೆ ಹೊರುವುದು ಎಂದರ್ಥ. ಒಳಕ್ಕೆ ಹೊತ್ತು ತಂದರೆ ಇಂಪೋರ್ಟ್, ಹೊರಕ್ಕೆ ಒಯ್ದರೆ ಎಕ್ಸ್‌ಪೋರ್ಟ್, ಆಚೆ ಕಡೆಗೆ ಸಾಗಿಸಿದರೆ ಟ್ರಾನ್ಸ್‌ಪೋರ್ಟ್. ಸ್ಟೇಷನ್ನಿನಲ್ಲಿ ಹೊರೆ ಹೊರುವವನು ಪೋರ್ಟರ್. ಮ್ಯಾಗ್ನಾನಿಮಸ್ ಎಂಬುದನ್ನು ಎತ್ತಿಕೊಳ್ಳಿರಿ: ಮ್ಯಾಗ್ನಸ್ ಎಂದರೆ ದೊಡ್ಡದು, ಅನಿಮಸ್ ಎಂದರೆ ಮನಸ್ಸು, ಕೂಡಿದರೆ ಉದಾರವಾದ ದೊಡ್ಡ ಮನಸ್ಸಿನವನು. ನಮ್ಮ ಮಹಾತ್ಮ ಎಂಬ ಸಮಾಸದ ಕಟ್ಟಡವೂ ಇಂಥದೇ. ಆ ಮ್ಯಾಗ್ನಸ್ಸೂ ನಮ್ಮ ಮಹಾ ಎಂಬುದೂ ಒಂದೇ ಮೂಲದಿಂದ ಕವಲೊಡೆದ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ.

ಅರ್ಥವು ಹರಿಯುವ ನೀರಿನಂತೆ, ನಿಂತಲ್ಲಿ ನಿಲ್ಲದು. ಇಂದು ಒಳ್ಳೆಯದು, ಹಿತವಾದದ್ದು ಎಂಬರ್ಥದಲ್ಲಿ ನಾವಾಡುವ ನೈಸ್ ಎಂಬ ಮಾತಿಗೆ ಮೊದಲಿದ್ದ ಅರ್ಥ ಮೂಢ, ಅಜ್ಞಾನಿ ಎಂದು. ಇಂದು ಬೈಗುಳವಾಗಿರುವ ಸಿಲ್ಲಿ ಎಂಬುದು ಒಂದು ಕಾಲಕ್ಕೆ ಭಾಗ್ಯಶಾಲಿ ಎಂಬರ್ಥದ ಹರಕೆಯ ಮಾತು. ಕನ್ನಡದಲ್ಲಿಯೂ ಎಳ್ಳಿನ ನೆಯ್ ಎಂಬುದು ಎಣ್ಣೆಯಾಗಿ, ಈಗ ಶೇಂಗಾದ್ದೂ ಕೊಬ್ಬರಿಯದೂ ಎಲ್ಲ ಎಣ್ಣೆಯೇ ಆಗಿದೆಯಲ್ಲವೆ? ನಮ್ಮ ದಕ್ಷಿಣ ದೇಶದ ಶಬ್ದಗಳಿಗೂ ಆ ನಿಘಂಟಿನಲ್ಲಿ ಮಾನ್ಯತೆ ದೊರೆತಿದೆ. ತೆಂಗಿನ ನಾರಿನ ಕಾಯರ್, ಅಡಿಕೆಯ ಅರೀಕ, ತೇಗದ ಟೀಕ್, ಇವು ಮಲೆಯಾಳದ ಕರಾವಳಿಯಿಂದ ಹಡಗನ್ನೇರಿ ಹೋದ ಮಾತುಗಳು. ಈ ಮೂರೂ ಮರ್ರೆಯು ತಾನೇ ಸಂಪಾದಿಸಿದ ಅಕ್ಷರಗಳಿಗೆ ಸೇರಿದವು.

ಮೊದಲನೆಯ ಸಂಚಿಕೆ ೧೮೮೪ರಲ್ಲಿ ಹೊರಬಿತ್ತು: ೩೫೨ ಪುಟಗಳು. ಅದರಲ್ಲಿ ಎ ಅಕ್ಷರದಿಂದ ಹೊರಟು ಆ್ಯಂಟ್, ಎಂದರೆ ಇರುವೆಯವರೆಗೆ ಮಾತ್ರ ತಲುಪಿತ್ತು! ಹತ್ತು ವರ್ಷಗಳ ಅವಧಿಯಲ್ಲಿ ಐದು ವರ್ಷ ಕಳೆದುಹೋಗಿದ್ದವು. ಮುದ್ರಣಾಲಯದ ಅಧಿಕಾರಿಗಳು ತ್ವರೆಮಾಡಲು ಒತ್ತಾಯಿಸಿದರು. ಚೀಟಿಗಳನ್ನು ಕಡಿಮೆ ಮಾಡು, ಪುಟಗಳನ್ನು ಕಡಿಮೆ ಮಾಡು ಎಂದು ಹಟ ಹಿಡಿದರು. ಹಣದ ಮುಗ್ಗಟ್ಟು ಆತನ ಸ್ವಂತ ಸಂಸಾರವನ್ನೂ ಬಾಧಿಸಿತು. ಮರ್ರೆಯು ಬಗ್ಗಲಿಲ್ಲ. ನಿಧಾನವೆಂಬ ನಿಂದೆಯನ್ನು ಸಹಿಸಿದನೇ ಹೊರತು, ಸಾಕ್ಷಿಯಿಲ್ಲದ ಅರ್ಥವನ್ನು ಬರೆಯಲು ಒಪ್ಪಲಿಲ್ಲ. ಅಧಿಕಾರಿಗಳ ಕಡೆಗೂ ನ್ಯಾಯವಿತ್ತೆಂದು ನನ್ನ ಅಭಿಪ್ರಾಯ. ಕೈಯಿಂದ ಖರ್ಚು ಮಾಡುವವರು ಅವರು. ಮುಗಿಯುವ ದಿನವನ್ನು ಕೇಳುವ ಹಕ್ಕು ಅವರಿಗಿತ್ತು.

ಆಕ್ಸ್‌ಫರ್ಡಿನ ಬ್ಯಾನ್‌ಬರಿ ರಸ್ತೆಯ ಮನೆಯ ಹಿತ್ತಲಿನಲ್ಲಿ ಎರಡನೆಯ ಸ್ಕ್ರಿಪ್ಟೋರಿಯಂ ಎದ್ದಿತು. ನೆರೆಯವರ ನೋಟಕ್ಕೆ ಅಡ್ಡವಾಗದಿರಲೆಂದು ಅದನ್ನು ನೆಲದೊಳಕ್ಕೆ ಇಳಿಸಿ ಕಟ್ಟಬೇಕಾಯಿತು. ಪರಿಣಾಮವಾಗಿ ತೇವ, ಚಳಿ. ಚಳಿಗಾಲದಲ್ಲಿ ಮರ್ರೆಯು ದಪ್ಪ ಕೋಟು ತೊಟ್ಟು, ಕಾಲುಗಳನ್ನು ಪೆಟ್ಟಿಗೆಯೊಳಗೆ ಇಟ್ಟುಕೊಂಡು ಬರೆಯುತ್ತಿದ್ದನು. ತಲೆಯ ಮೇಲೆ ವಿದ್ವಾಂಸರ ಕರಿಯ ಟೊಪ್ಪಿಗೆ, ಎದೆಯ ಮೇಲೆ ಹರಡಿದ ಬಿಳಿಯ ಗಡ್ಡ. ಊರೊಳಗೆ ಹೋಗಲು ಮೂರು ಗಾಲಿಗಳ ಸೈಕಲ್ಲು. ಮಕ್ಕಳೆಲ್ಲರೂ ಚೀಟಿಗಳನ್ನು ವಿಂಗಡಿಸಿಯೇ ಕೈಖರ್ಚಿನ ಕಾಸನ್ನು ಸಂಪಾದಿಸಬೇಕು. ಬರುವ ಹೋಗುವ ಕಾಗದಗಳ ಹೊರೆಯನ್ನು ಕಂಡು ಅಂಚೆಯ ಇಲಾಖೆಯವರು ಮನೆಯ ಮುಂದೆಯೇ ಒಂದು ಟಪಾಲು ಪೆಟ್ಟಿಗೆಯನ್ನು ನೆಟ್ಟರು.

ಚೀಟಿ ಕಳುಹಿಸಿದವರಲ್ಲಿ ಇಬ್ಬರನ್ನು ನೆನೆಯದೆ ಮುಂದುವರಿಯಲಾಗದು. ಒಬ್ಬನು ವಿಲಿಯಂ ಮೈನರ್, ಅಮೆರಿಕೆಯ ಸೈನ್ಯದ ಶಸ್ತ್ರವೈದ್ಯ. ಚಿತ್ತಭ್ರಮೆಗೊಳಗಾಗಿ ೧೮೭೨ರಲ್ಲಿ ಲಂಡನ್ನಿನಲ್ಲಿ ನಿರಪರಾಧಿಯೊಬ್ಬನನ್ನು ಗುಂಡಿಟ್ಟು ಕೊಂದು, ಬ್ರಾಡ್‌ಮೂರ್ ಎಂಬಲ್ಲಿ ಬಂಧನದಲ್ಲಿದ್ದನು. ಕೋಣೆಯಲ್ಲಿ ಪುಸ್ತಕಗಳನ್ನು ತುಂಬಿಕೊಂಡು, ಅಲ್ಲಿಂದಲೇ ಇಪ್ಪತ್ತು ವರ್ಷಗಳ ಕಾಲ ಸಾವಿರಾರು ಚೀಟಿಗಳನ್ನು ಕಳುಹಿಸಿದನು. ಮರ್ರೆಯು ೧೮೯೧ರಲ್ಲಿ ಅಲ್ಲಿಗೆ ಹೋಗಿ ಅವನನ್ನು ಕಂಡನು. ಮುಂದೆಯೂ ಅನೇಕ ಸಲ ಹೋದನು. ೧೯೧೦ರಲ್ಲಿ ಮೈನರನನ್ನು ಸ್ವದೇಶಕ್ಕೆ ಕಳುಹಿಸುವಾಗ ಬೀಳ್ಕೊಡಲು ಮರ್ರೆ ದಂಪತಿಗಳು ಹೋಗಿದ್ದರು. ಇನ್ನೊಬ್ಬನಿಗೂ ನಮ್ಮ ದೇಶಕ್ಕೂ ಸಂಬಂಧವುಂಟು. ಫಿಟ್ಸ್‌ಎಡ್ವರ್ಡ್ ಹಾಲ್ ಎಂಬ ಅಮೆರಿಕನ್ ತರುಣನು ೧೮೪೬ರಲ್ಲಿ ಗಂಗೆಯ ಮುಖದ ಬಳಿ ಹಡಗು ಒಡೆದು ಇಲ್ಲಿಯೇ ಉಳಿದನು. ಸಂಸ್ಕೃತವನ್ನು ಕಲಿತು ಕಾಶಿಯ ಸರಕಾರಿ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕನಾದನು. ಮುಂದೆ ಇಂಗ್ಲೆಂಡಿನಲ್ಲಿ ಜಗಳವೊಂದರಿಂದ ಮನನೊಂದು ಹಳ್ಳಿಯಲ್ಲಿ ಏಕಾಂಗಿಯಾಗಿ ವಾಸಿಸುತ್ತ, ದಿನಕ್ಕೆ ಹಲವು ಗಂಟೆಗಳನ್ನು ಮರ್ರೆಯ ಅಚ್ಚಿನ ಕರಡುಗಳಿಗೆ ಮೀಸಲಿಟ್ಟನು. ವರ್ಷ ವರ್ಷಗಳ ಕಾಲ ಕಾಗದಗಳು ಓಡಾಡಿದವು. ಇಬ್ಬರೂ ಒಮ್ಮೆಯಾದರೂ ಮುಖಾಮುಖಿಯಾಗಿ ಭೇಟಿಯಾಗಲಿಲ್ಲ.

ಈ ಕಾಲದಲ್ಲಿಯೇ ನಮ್ಮ ನುಡಿಗೂ ಇಂಥ ಒಬ್ಬ ಸೇವಕನಿದ್ದನು. ೧೮೫೩ರಲ್ಲಿ ಕನ್ನಡ ನಾಡಿಗೆ ಬಂದ ಜರ್ಮನ್ ಪಾದ್ರಿ ಫರ್ಡಿನಂಡ್ ಕಿಟೆಲ್‌ನ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು ಎಪ್ಪತ್ತು ಸಾವಿರ ಶಬ್ದಗಳು. ಶಬ್ದದ ಚರಿತ್ರೆಯನ್ನು ಪ್ರಯೋಗಗಳಿಂದ ತೋರಿಸುವ ಮಾರ್ಗದಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸಿದ್ಧಪಡಿಸಿದ ಎಂಟು ಸಂಪುಟಗಳ ಬೃಹತ್ ನಿಘಂಟು ೧೯೭೦ರಿಂದ ೧೯೯೫ರವರೆಗೆ ಹೊರಬಂದಿತು.

ನಿಘಂಟುಕಾರನೂ ಮನುಷ್ಯನೇ. ಅಪೆಂಡಿಸೈಟಿಸ್ ಎಂಬ ಶಬ್ದವು ಕೇವಲ ವೈದ್ಯರ ಪರಿಭಾಷೆಯೆಂದು ಒಬ್ಬ ವೈದ್ಯಶಾಸ್ತ್ರದ ಪ್ರಾಧ್ಯಾಪಕನು ಹೇಳಿದ್ದರಿಂದ ಮರ್ರೆಯು ಅದನ್ನು ಬಿಟ್ಟನು. ೧೯೦೨ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕವು ಇದೇ ಬೇನೆಯ ಕಾರಣದಿಂದ ಮುಂದಕ್ಕೆ ಹೋಗಿ, ಆ ಶಬ್ದವು ಮನೆಮನೆಯ ಮಾತಾಯಿತು. ಮಹಾನಿಘಂಟಿನಲ್ಲಿ ಹುಡುಕಿದವರಿಗೆ ಮಾತ್ರ ಸಿಕ್ಕಲಿಲ್ಲ.

ಹೆನ್ರಿ ಬ್ರಾಡ್ಲಿ, ವಿಲಿಯಂ ಕ್ರೇಗಿ, ಆನಿಯನ್ಸ್ ಎಂಬವರು ಕ್ರಮವಾಗಿ ಸಹಸಂಪಾದಕರಾಗಿ ಬಂದು ಬೇರೆ ಬೇರೆ ಅಕ್ಷರಗಳನ್ನು ವಹಿಸಿಕೊಂಡರು. ೧೯೦೮ರಲ್ಲಿ ಮರ್ರೆಗೆ ಸರ್ ಪದವಿ ಬಂದಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ತನ್ನ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟದ್ದು ೧೯೧೪ರಲ್ಲಿ, ಆ ಊರಿನಲ್ಲಿ ಆತನು ಸುಮಾರು ಮೂವತ್ತು ವರ್ಷ ದುಡಿದಾದ ಮೇಲೆ. ಎಂಬತ್ತನೆಯ ಹುಟ್ಟುಹಬ್ಬದ ಹೊತ್ತಿಗೆ ಗ್ರಂಥವನ್ನು ಪೂರೈಸಬೇಕೆಂಬುದು ಆತನ ಹಂಬಲ. ಅಷ್ಟರಲ್ಲಿ ಮಹಾಯುದ್ಧ ಬಂದಿತು. ಸಹಾಯಕರು ರಣರಂಗಕ್ಕೆ ಹೋದರು. ಟಿ ಅಕ್ಷರವು ಮುಗಿಯುತ್ತ ಬಂದಿದ್ದಾಗ, ೧೯೧೫ರ ಜುಲೈ ೨೬ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮರ್ರೆಯು ಕಾಲವಾದನು. ಆತನು ತಾನೇ ಸಂಪಾದಿಸಿದ ಪುಟಗಳು ಏಳು ಸಾವಿರಕ್ಕೂ ಹೆಚ್ಚು.

ಕೊನೆಯ ಸಂಚಿಕೆ ೧೯೨೮ರಲ್ಲಿ ಪ್ರಕಟವಾಯಿತು. ಶಬ್ದಗಳು ೪,೧೪,೮೨೫, ಸಾಕ್ಷಿಯಾಗಿ ಅಚ್ಚಾದ ವಾಕ್ಯಗಳು ಹದಿನೆಂಟು ಲಕ್ಷಕ್ಕೂ ಮೇಲ್ಪಟ್ಟು. ಇಷ್ಟೆಲ್ಲ ಶಬ್ದಗಳ ನಡುವೆ ಒಂದು ಮಾತ್ರ ಕೈತಪ್ಪಿಹೋಗಿತ್ತು. ಬಾಂಡ್‌ಮೇಡ್, ಎಂದರೆ ಜೀತದ ದಾಸಿ, ಎಂಬ ಶಬ್ದದ ಚೀಟಿಗಳು ಹೇಗೋ ಕಳೆದುಹೋಗಿ, ಬಿ ಅಕ್ಷರ ಅಚ್ಚಾದ ಮೇಲೆ ಗಮನಕ್ಕೆ ಬಂದವು. ಮರ್ರೆಗೆ ಈ ಲೋಪವು ಬಹಳ ಕಾಲ ಮನಸ್ಸನ್ನು ಕೊರೆಯಿತು. ೧೯೩೩ರಲ್ಲಿ ಹೊರಟ ಅನುಬಂಧದಲ್ಲಿ ಆ ಶಬ್ದವನ್ನು ಸೇರಿಸಿದರು.